ಎಲ್ಲರೂ ನಿಲ್ಲಲೇಬೇಕಿದ್ದ ಊರು: 15,203ರಿಂದ 1,733ಕ್ಕೆ ಇಳಿದ ಕೇರೊ

ಅಮೆರಿಕದ ಜನಗಣತಿ ಪಟ್ಟಿಗಳಲ್ಲಿ ಇಲಿನಾಯ್ ರಾಜ್ಯದ ಕೇರೊ ಎಂಬ ಊರಿನ ಸಾಲನ್ನು ಒಮ್ಮೆ ಓದಿದರೆ ಮರೆಯುವುದು ಕಷ್ಟ. 1920ರಲ್ಲಿ 15,203 ಜನ. 1960ರಲ್ಲಿ 9,348. 1990ರಲ್ಲಿ 4,846. 2020ರಲ್ಲಿ 1,733. ನೂರು ವರ್ಷದ ಹಿಂದೆ ಒಂಬತ್ತು ಜನ ಇದ್ದ ಕಡೆ ಈಗ ಒಬ್ಬರು ಇದ್ದಾರೆ. ಈ ನೂರು ವರ್ಷದಲ್ಲಿ ಊರನ್ನು ಯಾವ ಸೈನ್ಯವೂ ಸುಡಲಿಲ್ಲ, ಭೂಕಂಪ ಉರುಳಿಸಲಿಲ್ಲ. ಎರಡು ಮಹಾನದಿಗಳ ನಡುವೆ ಕೂತಿದ್ದರೂ ನೀರು ಅದನ್ನು ಕೊಚ್ಚಿಕೊಂಡು ಹೋಗಲಿಲ್ಲ. ಆದರೂ ಜನ ಹೋದರು.

ಇಷ್ಟಾಗಿಯೂ ಕೇರೊ ಇವತ್ತಿಗೂ ಅಲೆಕ್ಸಾಂಡರ್ ಕೌಂಟಿಯ ಕೇಂದ್ರ. ಕೌಂಟಿ ಎಂದರೆ ರಾಜ್ಯದ ಕೆಳಗಿನ ಆಡಳಿತ ಘಟಕ. ಇಲಿನಾಯ್‌ನಲ್ಲಿ ಇಂಥವು 102 ಇವೆ. ಕೌಂಟಿ ಕೇಂದ್ರದಲ್ಲಿ ಕೋರ್ಟು ಇರುತ್ತದೆ, ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥನ ಕಚೇರಿ ಮತ್ತು ಜೈಲು ಇರುತ್ತವೆ, ಜಮೀನಿನ ಪತ್ರಗಳ ನೋಂದಣಿ, ತೆರಿಗೆ, ಚುನಾವಣೆಯ ಕಡತಗಳು ಇರುತ್ತವೆ. ನಮ್ಮ ತಾಲ್ಲೂಕು ಕಚೇರಿ, ಸಬ್‌ರಿಜಿಸ್ಟ್ರಾರ್ ಕಚೇರಿ, ಮುನ್ಸಿಫ್ ಕೋರ್ಟು ಮೂರನ್ನೂ ಒಂದೇ ಬೀದಿಯಲ್ಲಿಟ್ಟರೆ ಹೆಚ್ಚುಕಡಿಮೆ ಅದೇ ಆಗುತ್ತದೆ. ಹಾಗಾಗಿ ಕೇರೊದ ಕಥೆಯಲ್ಲಿ ಕೋರ್ಟು ಕಟ್ಟಡ ಮತ್ತೆ ಮತ್ತೆ ಎದುರಾಗುತ್ತದೆ. ಬಹಳ ಸಲ ಅದು ಎದುರಾಗುವುದು ನ್ಯಾಯ ತಪ್ಪಿದ ಜಾಗವಾಗಿ.

ಹೆಸರಿನ ವಿಚಾರ ಮೊದಲೇ ಹೇಳಿಬಿಡುತ್ತೇನೆ. ಈಜಿಪ್ಟಿನ ಕೈರೊ ನಗರದ ಹೆಸರನ್ನೇ ಇದಕ್ಕೂ ಇಟ್ಟರು, ಬರೆಯುವುದೂ ಹಾಗೆಯೇ. ಸ್ಥಳೀಯರ ಬಾಯಲ್ಲಿ ಮಾತ್ರ ಅದು ಕೇರೊ. ಸುತ್ತಮುತ್ತ ಥೀಬ್ಸ್, ಕರ್ನಾಕ್ ಎಂಬ ಊರುಗಳೂ ಇವೆ. ಇಲಿನಾಯ್‌ನ ಈ ದಕ್ಷಿಣ ತುದಿಗೆ 'ಪುಟ್ಟ ಈಜಿಪ್ಟ್' ಎಂದೇ ಅಡ್ಡಹೆಸರು. ನಕಾಶೆಯಲ್ಲಿ ನೋಡಿದರೆ ಈ ಹೆಸರು ಯಾಕೆ ಹೊಳೆಯಿತು ಎಂಬುದು ಅರ್ಥವಾಗುತ್ತದೆ. ಮೂಡಲಿಂದ ಓಹಾಯೊ, ಪಡುವಲಿಂದ ಮಿಸಿಸಿಪ್ಪಿ ಬಂದು ಕೂಡುವ ಚೂಪು ಮೂಲೆಯಲ್ಲಿ, ತಗ್ಗಾದ ಕಪ್ಪು ಮಣ್ಣಿನ ಮೇಲೆ ಊರು ಇದೆ. ಸಂಗಮದಲ್ಲಿ ಎರಡು ನೀರಿನ ಬಣ್ಣ ಬೇರೆಬೇರೆಯಾಗಿಯೇ ಒಂದಷ್ಟು ದೂರ ಹರಿಯುತ್ತದೆ: ಮಿಸಿಸಿಪ್ಪಿಯದು ಕೆಸರು ಬಣ್ಣ, ಓಹಾಯೊದು ಕೊಂಚ ತಿಳಿ. ಮುಂದಕ್ಕೆ ಮಿಸಿಸಿಪ್ಪಿಯ ಹೆಸರೇ ಉಳಿದರೂ ಸಂಗಮಕ್ಕೆ ಹೆಚ್ಚು ನೀರು ತರುವುದು ಓಹಾಯೊ. ಷಿಕಾಗೊ ಇರುವ ರಾಜ್ಯವೇ ಇದು, ಆದರೆ ಷಿಕಾಗೊ ಇಲ್ಲಿಂದ ಸುಮಾರು 600 ಕಿಲೊಮೀಟರ್ ದೂರ. 1860ರ ದಶಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಬಂಡಾಯ ಸರ್ಕಾರದ ರಾಜಧಾನಿಯಾಗಿದ್ದ ವರ್ಜೀನಿಯಾದ ರಿಚ್ಮಂಡ್‌ಗಿಂತಲೂ ಕೇರೊ ದಕ್ಷಿಣಕ್ಕಿದೆ. ರಾಜ್ಯ ಉತ್ತರದ್ದು, ನೆಲ ದಕ್ಷಿಣದ್ದು. ಈ ಒಂದು ಸಂಗತಿ ಮುಂದಿನ ಎಷ್ಟೋ ವಿಷಯಗಳ ಬೇರು.

ಕೇರೊ ಏಕೆ ಖಾಲಿಯಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 1960ರ ದಶಕದ ಕೊನೆಯ ಜನಾಂಗ ಗಲಭೆ. ಆ ಉತ್ತರದಲ್ಲಿ ಸತ್ಯವಿದೆ, ಆದರೆ ಅದು ಲೆಕ್ಕಕ್ಕೆ ಪೂರ್ತಿ ಹೊಂದುವುದಿಲ್ಲ. ನಾನು ತಿಳಿದಂತೆ ಈ ಊರಿನ ಅನ್ನ ಇದ್ದದ್ದು ಒಂದೇ ಸಂಗತಿಯಲ್ಲಿ. ಹಡಗು, ರೈಲು, ಸರಕು, ಸೈನಿಕ, ಪ್ರಯಾಣಿಕ, ಯಾರೇ ಆಗಲಿ ಇಲ್ಲಿಗೆ ಬಂದ ಮೇಲೆ ಇಳಿಯಲೇಬೇಕಿತ್ತು. ಇಳಿಯುವ ಅಗತ್ಯ ಒಂದೊಂದಾಗಿ ಕಳಚುತ್ತ ಹೋಯಿತು. ಕೆಲಸ ಕಡಿಮೆಯಾದಾಗ ಊರಿನ ಅಧಿಕಾರ ಹಿಡಿದವರು ಇದ್ದದ್ದನ್ನು ಹಂಚಿಕೊಳ್ಳುವ ಬದಲು ಮುಚ್ಚುವುದನ್ನು ಆರಿಸಿದರು. ಕೊನೆಗೆ, ಬಿಟ್ಟು ಹೋಗದೆ ಉಳಿದಿದ್ದವರ ಮನೆಗಳನ್ನೂ ಸರ್ಕಾರವೇ ಕೆಡವಿತು.

ನಾಲ್ಕನೆಯ ಕೇಂದ್ರ

ಅಲೆಕ್ಸಾಂಡರ್ ಕೌಂಟಿ ಹುಟ್ಟಿದ್ದು 1819ರಲ್ಲಿ. ಮೊದಲ ಕೇಂದ್ರವಾದ ಊರಿನ ಹೆಸರು ಅಮೆರಿಕ. ಓಹಾಯೊ ದಡದಲ್ಲಿ ದೊಡ್ಡ ಆಸೆಯಿಂದ ಕಟ್ಟಿದ ಊರು ಅದು, ಬಹಳ ಕಾಲ ಬಾಳಲಿಲ್ಲ. 1830ರ ದಶಕದಲ್ಲಿ ಕೇಂದ್ರ ಒಳನಾಡಿನ ಯೂನಿಟಿಗೆ ಹೋಯಿತು. 1843ರಲ್ಲಿ ಕೌಂಟಿಯನ್ನು ಸೀಳಿ ಪಲಾಸ್ಕಿ ಕೌಂಟಿ ಮಾಡಿದ ಮೇಲೆ ಕೇಂದ್ರ ಮಿಸಿಸಿಪ್ಪಿ ದಡದ ಥೀಬ್ಸ್‌ಗೆ ಸರಿಯಿತು. ಅಲ್ಲಿ 1848ರಲ್ಲಿ ನದಿಯ ಮೇಲಣ ಗುಡ್ಡದಲ್ಲಿ ಕಟ್ಟಿದ ಕಲ್ಲಿನ ಕೋರ್ಟು ಇನ್ನೂ ನಿಂತಿದೆ. ಕೊನೆಗೆ 1860ರ ಹೊತ್ತಿಗೆ ಕೇಂದ್ರ ಕೇರೊಗೆ ಬಂತು. ಮೊದಲ ಮೂರು ಊರುಗಳಿಂದಲೂ ಕಡತಗಳು ಗಾಡಿ ಹತ್ತಿ ಹೊರಟದ್ದು ಜನ ಮತ್ತು ವ್ಯಾಪಾರ ಬೇರೆಡೆ ಸರಿದ ಮೇಲೆ. ಕೇರೊ ಆಗ ಜನ ಬರುತ್ತಿದ್ದ ಕಡೆ.

ಆದರೆ ಅದಕ್ಕೂ ಮೊದಲು ಕೇರೊ ಒಮ್ಮೆ ಹುಟ್ಟಿ ಸತ್ತಿತ್ತು. ಒಮ್ಮೆಯಲ್ಲ, ಎರಡು ಸಲ. 1818ರಲ್ಲಿ ಜಾನ್ ಕಾಮೆಗಿಸ್ ಎಂಬ ವ್ಯಾಪಾರಿ ಇಲ್ಲಿ ನಗರ ಕಟ್ಟುವ ಪರವಾನಗಿ ಪಡೆದ. ಅವನ ಸಾವಿನೊಂದಿಗೆ ಯೋಜನೆಯೂ ಮುಗಿಯಿತು. 1837ರಲ್ಲಿ ಡೇರಿಯಸ್ ಹಾಲ್‌ಬ್ರೂಕ್ ಕಂಪನಿ ಕಟ್ಟಿ, ಲಂಡನ್ನಿನಲ್ಲಿ ಬಾಂಡ್ ಮಾರಿ, ಆ ದುಡ್ಡಿನಲ್ಲಿ ಏರಿ, ಕಾರ್ಖಾನೆ, ಮನೆ ಎಲ್ಲ ಶುರುಮಾಡಿದ. 1840ರಲ್ಲಿ ಬಾಂಡ್ ಮಾರುತ್ತಿದ್ದ ಲಂಡನ್ನಿನ ಸಂಸ್ಥೆ ದಿವಾಳಿಯಾಯಿತು, ಕೆಲಸ ನಿಂತಿತು, ಕೂಲಿಗೆ ಬಂದವರು ಚದುರಿದರು. 1842ರಲ್ಲಿ ಸ್ಟೀಮರಿನಲ್ಲಿ ಹಾದುಹೋದ ಚಾರ್ಲ್ಸ್ ಡಿಕನ್ಸ್ ಕಂಡದ್ದು ಜೌಗು, ರೋಗ, ಅರ್ಧ ಕಟ್ಟಿ ಬಿಟ್ಟು ಕೊಳೆಯುತ್ತಿದ್ದ ಮನೆಗಳು. 1850ರ ಜನಗಣತಿಯಲ್ಲಿ ಇಲ್ಲಿದ್ದವರು ಇನ್ನೂರೈವತ್ತಕ್ಕಿಂತ ಕಡಿಮೆ.

ಹಾಗಾದರೆ ಹತ್ತೇ ವರ್ಷದಲ್ಲಿ ಅದು 2,188 ಆದದ್ದು ಹೇಗೆ? ರೈಲು ಬಂತು. 1851ರಲ್ಲಿ ಸನದು ಪಡೆದ ಇಲಿನಾಯ್ ಸೆಂಟ್ರಲ್ ರೈಲ್ವೆ ತನ್ನ ದಕ್ಷಿಣದ ಕೊನೆಯ ನಿಲ್ದಾಣವಾಗಿ ಕೇರೊವನ್ನು ಆರಿಸಿಕೊಂಡಿತು; 1856ರಲ್ಲಿ ಹಳಿ ಪೂರ್ಣವಾಯಿತು. ಉತ್ತರದಿಂದ ಬಂದ ರೈಲು ಇಲ್ಲಿ ಕೊನೆಯಾಗುತ್ತಿತ್ತು, ನ್ಯೂ ಆರ್ಲಿಯನ್ಸಿಗೆ ಹೋಗುವ ಸ್ಟೀಮರು ಇಲ್ಲಿಂದ ಶುರುವಾಗುತ್ತಿತ್ತು. ನಡುವೆ ಸರಕು ಇಳಿಸುವವನು, ಹೊರುವವನು, ಗೋದಾಮಿನವನು, ದಲ್ಲಾಳಿ, ಹೋಟೆಲಿನವನು, ಕಮ್ಮಾರ, ಹಡಗು ರಿಪೇರಿಯವನು, ಎಲ್ಲರಿಗೂ ಕೆಲಸ. 1858ರಲ್ಲಿ ಕೇರೊ ನಗರವಾಯಿತು. ಅದೇ ವರ್ಷ ಜೂನ್‌ನಲ್ಲಿ ಏರಿ ಒಡೆದು ಊರು ಮುಳುಗಿತು. ಜನ ಏರಿಯನ್ನು ಮತ್ತೆ ಕಟ್ಟಿದರು, ಇನ್ನಷ್ಟು ಎತ್ತರಕ್ಕೆ.

ಇಳಿದು ಹತ್ತುವ ಜಾಗ

1861ರಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ನಕಾಶೆ ನೋಡಿದ ಪ್ರತಿಯೊಬ್ಬ ಸೇನಾಧಿಕಾರಿಗೂ ಕೇರೊದ ಬೆಲೆ ಗೊತ್ತಿತ್ತು. ಸಂಗಮದ ಮೂಲೆಯಲ್ಲಿ ಫೋರ್ಟ್ ಡಿಫಾಯನ್ಸ್ ಎದ್ದಿತು. ಸೆಪ್ಟೆಂಬರ್‌ನಲ್ಲಿ ಉತ್ತರದ ಸೇನಾನಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಯುಲಿಸಿಸ್ ಗ್ರಾಂಟ್ ಇಲ್ಲಿ ಮುಖ್ಯ ಶಿಬಿರ ಹೂಡಿದರು. 1862ರ ಫೆಬ್ರವರಿಯಲ್ಲಿ ಫೋರ್ಟ್ ಹೆನ್ರಿ, ಫೋರ್ಟ್ ಡೊನೆಲ್ಸನ್ ಕೋಟೆಗಳನ್ನು ಗೆದ್ದ ದಂಡು ಹೊರಟಿದ್ದು ಇಲ್ಲಿಂದಲೇ. ಪಕ್ಕದ ಮೌಂಡ್ ಸಿಟಿಯಲ್ಲಿ ಕಬ್ಬಿಣದ ಹೊದಿಕೆಯ ಯುದ್ಧನೌಕೆಗಳು ಸಿದ್ಧವಾದವು, ಅವುಗಳಲ್ಲಿ ಒಂದಕ್ಕೆ ಕೇರೊ ಎಂದೇ ಹೆಸರು.

ಆದರೆ ಊರಿನ ಮುಂದಿನ ನೂರು ವರ್ಷಕ್ಕೆ ಸೈನಿಕರಿಗಿಂತ ಮುಖ್ಯರಾದವರು ಇನ್ನೊಂದು ಗುಂಪು. ದಕ್ಷಿಣದ ತೋಟಗಳಿಂದ ಗುಲಾಮಗಿರಿ ತೊರೆದು ಬಂದವರು ನದಿಯ ದಾರಿ ಹಿಡಿದು ಸಾವಿರಗಟ್ಟಲೆ ಇಲ್ಲಿಗೆ ಬಂದರು. ಅವರಿಗಾಗಿ ಸೇನೆ ಶಿಬಿರ ತೆರೆಯಿತು. ಬಂದವರಲ್ಲಿ ಎಷ್ಟೋ ಜನ ಮುಂದಕ್ಕೆ ಹೋದರು, ಹಲವರು ಉಳಿದರು. ಏರಿ ಎತ್ತರಿಸಿದ, ಹಡಗಿಗೆ ಸರಕು ಹೊತ್ತ, ಮರದ ಕಾರ್ಖಾನೆಗಳಲ್ಲಿ ದುಡಿದ ಕೈಗಳಲ್ಲಿ ದೊಡ್ಡ ಪಾಲು ಇವರದು. 1900ರ ಹೊತ್ತಿಗೆ ಊರಿನ 12,566 ಜನರಲ್ಲಿ ಹತ್ತಕ್ಕೆ ನಾಲ್ಕರಷ್ಟು ಮಂದಿ ಕಪ್ಪುವರ್ಣೀಯರು. ಉತ್ತರದ ಸಣ್ಣ ಊರೊಂದಕ್ಕೆ ಇದು ಅಪರೂಪದ ಪ್ರಮಾಣ.

ಯುದ್ಧದ ನಂತರದ ದಶಕಗಳು ಸಿರಿಯ ಕಾಲ. ಸುಂಕದ ಕಚೇರಿಯ ಗಟ್ಟಿ ಕಟ್ಟಡ 1872ರಲ್ಲಿ ಮುಗಿಯಿತು. ಹಿಟ್ಟಿನ ವ್ಯಾಪಾರಿ ಚಾರ್ಲ್ಸ್ ಗ್ಯಾಲಿಗರ್ ಕಟ್ಟಿಸಿದ ಮ್ಯಾಗ್ನೋಲಿಯಾ ಮ್ಯಾನರ್ ಎಂಬ ಇಟ್ಟಿಗೆಯ ಮಹಲಿನಲ್ಲಿ 1880ರಲ್ಲಿ ಗ್ರಾಂಟ್ ಅತಿಥಿಯಾಗಿ ತಂಗಿದ್ದರು. 1884ರಲ್ಲಿ ಸ್ಯಾಫರ್ಡ್ ಸ್ಮಾರಕ ಗ್ರಂಥಾಲಯ ಬಂತು. ವಾಷಿಂಗ್ಟನ್ ಅವೆನ್ಯೂದ ಒಂದು ತುಂಡಿಗೆ ಲಕ್ಷಾಧೀಶರ ಸಾಲು ಎಂದೇ ಹೆಸರು ಬಿತ್ತು.

ಈ ಸಿರಿಯ ಯಂತ್ರ ಹೇಗೆ ಓಡುತ್ತಿತ್ತು ಎಂಬುದನ್ನು ಕೊಂಚ ನಿಧಾನವಾಗಿ ನೋಡಬೇಕು, ಏಕೆಂದರೆ ಅದು ನಿಂತದ್ದೂ ಅಲ್ಲಿಯೇ. ಓಹಾಯೊ ನದಿಗೆ ಇಲ್ಲಿ ಸೇತುವೆ ಇರಲಿಲ್ಲ. ದಕ್ಷಿಣಕ್ಕೆ ಹೋಗುವ ರೈಲಿನ ಬೋಗಿಗಳನ್ನು ಬಿಡಿಸಿ, ದೊಡ್ಡ ದೋಣಿಯ ಮೇಲೆ ಹತ್ತಿಸಿ, ಕೆಂಟಕಿಯ ದಡಕ್ಕೆ ಸಾಗಿಸಬೇಕಿತ್ತು. ಆಚೆ ದಡದಲ್ಲಿ ಇನ್ನೊಂದು ತೊಡಕು ಕಾದಿತ್ತು: ದಕ್ಷಿಣದ ಹಳಿ ಐದು ಅಡಿ ಅಗಲ, ಉತ್ತರದ್ದು ಅದಕ್ಕಿಂತ ಕಿರಿದು. ಬೋಗಿಯನ್ನು ಮೇಲಕ್ಕೆತ್ತಿ ಕೆಳಗಿನ ಗಾಲಿ ಬದಲಾಯಿಸಬೇಕಿತ್ತು, ಇಲ್ಲವಾದರೆ ಸರಕನ್ನೇ ಬೋಗಿಯಿಂದ ಬೋಗಿಗೆ ಹೊರಬೇಕಿತ್ತು. ಮೀಟರ್‌ಗೇಜ್ ಮತ್ತು ಬ್ರಾಡ್‌ಗೇಜ್ ಕೂಡುವ ಜಂಕ್ಷನ್ನಿನಲ್ಲಿ ಮೂಟೆ ಹೊತ್ತವರನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪ್ರಯಾಣಿಕನಿಗೆ ಅದು ಕಿರಿಕಿರಿ, ಜಂಕ್ಷನ್ನಿನ ಊರಿಗೆ ಅದು ಊಟ.

1881ರ ಜುಲೈ 29ರಂದು ಇಲಿನಾಯ್ ಸೆಂಟ್ರಲ್ ತನ್ನ ಇಡೀ ದಕ್ಷಿಣ ಮಾರ್ಗದ ಹಳಿಯನ್ನು, ಸುಮಾರು 550 ಮೈಲಿಯನ್ನು, ಒಂದೇ ದಿನದಲ್ಲಿ ಒಳಕ್ಕೆ ಸರಿಸಿ ಉತ್ತರದ ಅಳತೆಗೆ ತಂದಿತು. ಎಂಟು ವರ್ಷದ ನಂತರ, 1889ರ ಅಕ್ಟೋಬರ್‌ನಲ್ಲಿ, ಜಾರ್ಜ್ ಮೊರಿಸನ್ ಎಂಬ ಎಂಜಿನಿಯರು ಕಟ್ಟಿದ ರೈಲು ಸೇತುವೆಯ ಮೇಲೆ ಎಂಜಿನ್‌ಗಳ ಸಾಲು ಭಾರ ಪರೀಕ್ಷೆಗೆ ಹೊರಟಿತು. ಎರಡೂ ಕಡೆಯ ಏರುದಾರಿ ಸೇರಿ ಸುಮಾರು ಆರು ಕಿಲೊಮೀಟರ್ ಉದ್ದದ ಆ ಉಕ್ಕಿನ ಸಾಹಸವನ್ನು ಊರು ಹಬ್ಬದಂತೆ ಬರಮಾಡಿಕೊಂಡಿತು. ಆ ದಿನ ಚಪ್ಪಾಳೆ ತಟ್ಟಿದವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ, ಸೇತುವೆ ಬೇಡವೆನ್ನಲು ಯಾರಿಂದ ಸಾಧ್ಯ? ಆದರೆ ಅಂದಿನಿಂದ ಷಿಕಾಗೊದಲ್ಲಿ ಹತ್ತಿದವನು ನ್ಯೂ ಆರ್ಲಿಯನ್ಸಿನಲ್ಲಿ ಇಳಿಯಬಹುದಾಯಿತು. 1905ರಲ್ಲಿ ಹಳೆಯ ಕೌಂಟಿ ಕೇಂದ್ರ ಥೀಬ್ಸ್‌ನಲ್ಲಿ ಮಿಸಿಸಿಪ್ಪಿಗೂ ರೈಲು ಸೇತುವೆ ಬಂತು, ಪಡುವಣ ಸರಕು ಅತ್ತ ತಿರುಗಿತು. 1929ರಲ್ಲಿ ಮಿಸಿಸಿಪ್ಪಿಗೆ, 1930ರ ದಶಕದ ಕೊನೆಗೆ ಓಹಾಯೊಗೆ ರಸ್ತೆ ಸೇತುವೆಗಳು ಬಂದವು. 1978ರಲ್ಲಿ ಅಂತರರಾಜ್ಯ ಹೆದ್ದಾರಿ 57ರ ಸೇತುವೆ ತೆರೆದ ಮೇಲೆ ಕಾರಿನವರಿಗೂ ಊರೊಳಗೆ ಬರುವ ಕಾರಣ ಉಳಿಯಲಿಲ್ಲ.

ಈಗ ಲೆಕ್ಕ. 1889ರ ಸೇತುವೆಯಾದ ಮೇಲೂ ಊರು ಮೂವತ್ತು ವರ್ಷ ಬೆಳೆದಿತ್ತು: 1890ರಲ್ಲಿ 10,324, 1910ರಲ್ಲಿ 14,548, 1920ರಲ್ಲಿ 15,203. ದಕ್ಷಿಣದ ಗಟ್ಟಿ ಮರ ಕೊಯ್ಯುವ ಕಾರ್ಖಾನೆಗಳು, ಹತ್ತಿಬೀಜದ ಎಣ್ಣೆ, ಹಿಟ್ಟಿನ ಗಿರಣಿ, ಸಗಟು ವ್ಯಾಪಾರ ಕೈಹಿಡಿದವು. ಕಾಡು ಕರಗಿದಂತೆ, ಲಾರಿಗಳು ಬಂದಂತೆ ಅವೂ ಸಡಿಲವಾದವು. 1930ರಲ್ಲಿ 13,532. 1940ರಲ್ಲಿ ಕೊಂಚ ಚೇತರಿಸಿ 14,407. 1950ರಲ್ಲಿ 12,123. 1960ರಲ್ಲಿ 9,348.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1920ರಿಂದ 1960ರೊಳಗೆ, ಅಂದರೆ ಒಂದೇ ಒಂದು ಬಹಿಷ್ಕಾರ, ಒಂದೇ ಒಂದು ಬೀದಿ ಗಲಭೆಗೆ ಮುಂಚೆ, ಕೇರೊ 5,855 ಜನರನ್ನು ಕಳೆದುಕೊಂಡಿತ್ತು. ನೂರಕ್ಕೆ 38ಕ್ಕಿಂತ ಹೆಚ್ಚು. ಹಕ್ಕು ಕೇಳಿದ ಕಪ್ಪುಜನರಿಂದ ಊರು ಹಾಳಾಯಿತು ಎನ್ನುವವರು ಈ ಎರಡು ಅಂಕಿಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಹಂಚಿಕೊಳ್ಳುವ ಬದಲು

ಹಾಗೆಂದು ಜನಾಂಗ ದ್ವೇಷ ಈ ಕಥೆಯ ಅಂಚಿನಲ್ಲಿದೆ ಎಂದಲ್ಲ. ಅದು ಒಳಗೇ ಇತ್ತು, ಕೋರ್ಟಿನ ಬಾಗಿಲಲ್ಲೇ ಇತ್ತು.

1909ರ ನವೆಂಬರ್ 11ರ ರಾತ್ರಿ ವಿಲಿಯಂ ಜೇಮ್ಸ್ ಎಂಬ ಕಪ್ಪುವರ್ಣೀಯ ಕೂಲಿಕಾರನನ್ನು, ಬಿಳಿ ಯುವತಿಯೊಬ್ಬಳ ಕೊಲೆಯ ಆರೋಪದ ಮೇಲೆ, ವಿಚಾರಣೆಗೆ ಮುಂಚೆಯೇ ಶೆರಿಫ್‌ನ ಕೈಯಿಂದ ಕಿತ್ತುಕೊಂಡು ಊರ ನಡುವಿನ ವಿದ್ಯುದ್ದೀಪದ ಕಮಾನಿಗೆ ನೇಣು ಹಾಕಿದರು. ಹಗ್ಗ ಹರಿಯಿತು, ಗುಂಡು ಹೊಡೆದರು, ದೇಹ ಸುಟ್ಟರು. ನೋಡಲು ಸಾವಿರಾರು ಜನ ಸೇರಿದ್ದರು. ಅದೇ ರಾತ್ರಿ ಗುಂಪು ಕೌಂಟಿ ಜೈಲಿಗೆ ಹಿಂತಿರುಗಿ, ಹೆಂಡತಿಯನ್ನು ಕೊಂದ ಆರೋಪ ಹೊತ್ತಿದ್ದ ಹೆನ್ರಿ ಸಾಲ್ಜ್‌ನರ್ ಎಂಬ ಬಿಳಿಯನನ್ನೂ ಎಳೆದು ತಂದು ಕೊಂದಿತು. ಇಲಿನಾಯ್‌ನಲ್ಲಿ 1905ರ ಕಾನೂನೊಂದಿತ್ತು: ಕೈದಿಯನ್ನು ಗುಂಪಿಗೆ ಬಿಟ್ಟುಕೊಟ್ಟ ಶೆರಿಫ್ ಹುದ್ದೆ ಕಳೆದುಕೊಳ್ಳಬೇಕು. ರಾಜ್ಯಪಾಲ ಚಾರ್ಲ್ಸ್ ಡೆನೀನ್ ಶೆರಿಫ್ ಫ್ರಾಂಕ್ ಡೇವಿಸ್‌ನನ್ನು ತೆಗೆದುಹಾಕಿದರು. ಹುದ್ದೆ ಮರಳಿ ಕೊಡಿ ಎಂದು ಡೇವಿಸ್ ಅರ್ಜಿ ಹಾಕಿದಾಗ, ಅದರ ವಿರುದ್ಧ ವಾದಿಸಲು ಷಿಕಾಗೊದಿಂದ ಬಂದವರು ಐಡಾ ವೆಲ್ಸ್. ಗುಂಪುಹತ್ಯೆಗಳ ದಾಖಲೆಗಾಗಿ ಬದುಕನ್ನೇ ಮುಡಿಪಿಟ್ಟ ಪತ್ರಕರ್ತೆ. ಅವರು ಕೇರೊದಲ್ಲಿ ಮನೆಮನೆಗೆ ಹೋಗಿ ಹೇಳಿಕೆ ಸಂಗ್ರಹಿಸಿ, ರಾಜಧಾನಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಡೇವಿಸ್‌ನ ವಕೀಲರ ಎದುರು ವಾದ ಮಂಡಿಸಿದರು. ಡೆನೀನ್ ಅರ್ಜಿ ತಳ್ಳಿಹಾಕಿದರು. ಕೇರೊದ ಇತಿಹಾಸದಲ್ಲಿ ಕಾನೂನು ತನ್ನ ಕೆಲಸ ಮಾಡಿದ ಅಪರೂಪದ ದಿನ ಅದು. ಆ ದಿನ ಬಂದದ್ದು ಒಬ್ಬ ಹೆಣ್ಣುಮಗಳು ಹಟ ಹಿಡಿದಿದ್ದರಿಂದ.

ಅರ್ಧ ಶತಮಾನ ದಾಟಿ 1962ಕ್ಕೆ ಬರೋಣ. ಊರಿನ ಈಜುಕೊಳ 'ಸದಸ್ಯರಿಗೆ ಮಾತ್ರ' ಎಂಬ ನೆಪದಲ್ಲಿ ಬಿಳಿಯರಿಗೆ ಮೀಸಲಾಗಿತ್ತು. ಕಪ್ಪುಜನರ ಮಕ್ಕಳು ನದಿಯಲ್ಲಿ ಈಜಬೇಕಿತ್ತು, ಆ ನದಿಗಳ ಸೆಳವು ಎಂಥದೆಂದು ಹೇಳಬೇಕಿಲ್ಲ. ಆ ಬೇಸಿಗೆ ಊರಿನ ಹುಡುಗ ಹುಡುಗಿಯರು ಕೊಳದ ಮುಂದೆ ನಿಂತು ಪ್ರತಿಭಟಿಸಿದರು. ಮುಂದೆ ಅಮೆರಿಕದ ಸಂಸತ್ತಿನಲ್ಲಿ ದಶಕಗಳ ಕಾಲ ಕೂತ ಜಾನ್ ಲೂಯಿಸ್ ಆಗ ಯುವಕ. ಅವರು ಆ ಕೊಳದ ಹೊರಗೆ ಮೊಣಕಾಲೂರಿ ಪ್ರಾರ್ಥಿಸುತ್ತಿರುವ, ಡ್ಯಾನಿ ಲಯನ್ ತೆಗೆದ ಛಾಯಾಚಿತ್ರ ಚಳವಳಿಯ ಪೋಸ್ಟರ್ ಆಗಿ ದೇಶವೆಲ್ಲ ಹರಡಿತು. ಕೊಳವನ್ನು ಎಲ್ಲರಿಗೂ ತೆರೆಯಬೇಕಾಗಿ ಬಂದಾಗ ಅದನ್ನು ಮುಚ್ಚಿಬಿಟ್ಟರು. ಮುಂದೆ ಅದಕ್ಕೆ ಸಿಮೆಂಟು ತುಂಬಿಸಿದರು. ಕೇರೊದ ಕುರಿತು ಓದುವಾಗ ನನಗೆ ಅತ್ಯಂತ ನೋವು ಕೊಟ್ಟ ವಾಕ್ಯ ಇದೇ. ಆ ಸೆಕೆಯಲ್ಲಿ ತಮ್ಮ ಮಕ್ಕಳಿಗೂ ಈಜಲು ಜಾಗ ಬೇಡ, ಅವರ ಮಕ್ಕಳು ಮಾತ್ರ ನೀರಿಗೆ ಇಳಿಯಬಾರದು ಎಂದು ತೀರ್ಮಾನಿಸಿದ ದೊಡ್ಡವರು ಅವರು.

1967ರ ಜುಲೈ 16ರಂದು ರಾಬರ್ಟ್ ಹಂಟ್ ಎಂಬ 19 ವರ್ಷದ ಕಪ್ಪುವರ್ಣೀಯ ಸೈನಿಕ ಪೊಲೀಸ್ ಠಾಣೆಯಲ್ಲಿ ನೇಣಿನಲ್ಲಿ ಸತ್ತು ಸಿಕ್ಕ. ಆತ್ಮಹತ್ಯೆ ಎಂದರು ಪೊಲೀಸರು. ಕಪ್ಪುಜನ ನಂಬಲಿಲ್ಲ. ಬೆಂಕಿ ಬಿತ್ತು, ರಾಜ್ಯದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ಬಂತು. ಬೆನ್ನಲ್ಲೇ ಬಿಳಿಯರು 'ಬಿಳಿ ಟೋಪಿ'ಗಳೆಂಬ ಕಾವಲು ಪಡೆ ಕಟ್ಟಿಕೊಂಡು ಬಂದೂಕು ಹಿಡಿದು ಗಸ್ತು ತಿರುಗಿದರು. 1969ರಲ್ಲಿ ಪಾದ್ರಿ ಚಾರ್ಲ್ಸ್ ಕೋಯೆನ್ ಮುಂದಾಳತ್ವದಲ್ಲಿ ಯುನೈಟೆಡ್ ಫ್ರಂಟ್ ಹುಟ್ಟಿತು, ಬಿಳಿಯರ ಅಂಗಡಿಗಳ ಬಹಿಷ್ಕಾರ ಶುರುವಾಯಿತು. ಬೇಡಿಕೆ ಬಹಳ ಸರಳ: ನಮ್ಮ ದುಡ್ಡು ತೆಗೆದುಕೊಳ್ಳುವ ಅಂಗಡಿಯ ಗಲ್ಲಾದ ಹಿಂದೆ ನಮ್ಮವರಿಗೂ ಕೆಲಸ ಕೊಡಿ. ವರ್ಷಗಟ್ಟಲೆ ಎಳೆದಾಡಿತು. ಕಪ್ಪುಜನರ ಪಿರಮಿಡ್ ಕೋರ್ಟ್ಸ್ ವಸತಿ ಸಮುಚ್ಚಯದ ಮೇಲೆ ರಾತ್ರಿಗಳಲ್ಲಿ ಗುಂಡು ಹಾರುತ್ತಿತ್ತು. ಅನೇಕ ಅಂಗಡಿಗಳು ಒಬ್ಬ ಕಪ್ಪು ಗುಮಾಸ್ತನನ್ನು ಇಟ್ಟುಕೊಳ್ಳುವ ಬದಲು ಬಾಗಿಲೆಳೆದುಕೊಂಡವು. ಮಾಲೀಕರಲ್ಲಿ ಹಲವರು ಊರನ್ನೇ ಬಿಟ್ಟರು. ಈಜುಕೊಳದ ತರ್ಕವೇ ಈಗ ಮುಖ್ಯ ಬೀದಿಗೆ ಇಳಿದಿತ್ತು. 1960ರಿಂದ 1970ರೊಳಗೆ 3,071 ಜನ ಹೋದರು, ಮೂವರಲ್ಲಿ ಒಬ್ಬರು.

ಇದೇ ಹೊತ್ತಿಗೆ ಕೌಂಟಿ ಕೋರ್ಟಿನ ವಿರುದ್ಧವೇ ಒಂದು ದಾವೆ ನಡೆಯಿತು. ಕೇರೊದ 19 ನಿವಾಸಿಗಳು, 17 ಕಪ್ಪುವರ್ಣೀಯರು ಮತ್ತು ಇಬ್ಬರು ಬಿಳಿಯರು, ಕೌಂಟಿಯ ಮ್ಯಾಜಿಸ್ಟ್ರೇಟ್ ಮತ್ತು ನ್ಯಾಯಾಧೀಶರು ಜಾಮೀನಿನ ಮೊತ್ತ, ಶಿಕ್ಷೆ ಎಲ್ಲದರಲ್ಲೂ ಬಣ್ಣ ನೋಡಿ ತೀರ್ಪು ಕೊಡುತ್ತಾರೆಂದು ಕೇಂದ್ರ ನ್ಯಾಯಾಲಯಕ್ಕೆ ಹೋದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಏರಿತು. 1974ರ ಜನವರಿ 15ರಂದು ತೀರ್ಪು ಬಂತು: ಈ ದೂರುದಾರರಿಗೆ ಮುಂದೆ ಹಾನಿಯಾಗುತ್ತದೆ ಎಂಬುದು ಊಹೆ ಮಾತ್ರ, ಆದ್ದರಿಂದ ಇದು ನಿರ್ಧರಿಸಬಹುದಾದ ವ್ಯಾಜ್ಯವೇ ಅಲ್ಲ. ಓಶಿಯಾ ವಿರುದ್ಧ ಲಿಟಲ್‌ಟನ್ ಎಂಬ ಈ ತೀರ್ಪನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಯಾರಿಗೆ ದಾವೆ ಹೂಡುವ ಹಕ್ಕಿದೆ ಎಂಬ ಪಾಠ ಅವರಿಗೆ ಅದರಿಂದ ಸಿಗುತ್ತದೆ. ಆ 19 ಜನರಿಗೆ ಸಿಕ್ಕಿದ್ದು ಅದೇ ಕೌಂಟಿ ಕೋರ್ಟು. ನಗರಸಭೆಯಲ್ಲಿ ಮಾತ್ರ ಒಂದಿಷ್ಟು ಬದಲಾವಣೆ ಆಯಿತು. 1913ರಿಂದ ಇಡೀ ಊರನ್ನೇ ಒಂದು ಕ್ಷೇತ್ರ ಮಾಡಿ ಕಪ್ಪುಜನರ ಮತಕ್ಕೆ ಬೆಲೆ ಬರದಂತೆ ಇಟ್ಟಿದ್ದ ಚುನಾವಣೆ, ಇನ್ನೊಂದು ದಾವೆಯ ಫಲವಾಗಿ 1980ರಲ್ಲಿ ವಾರ್ಡುವಾರು ಆಯಿತು. ಅಷ್ಟರಲ್ಲಿ ಊರಿನಲ್ಲಿ ಆರು ಸಾವಿರ ಜನವೂ ಉಳಿದಿರಲಿಲ್ಲ. 1986ರಲ್ಲಿ ಆಸ್ಪತ್ರೆ ಮುಚ್ಚಿತು.

ಎಷ್ಟು ಜನ ಇದ್ದರೆ ಊರು?

ಜನಸಂಖ್ಯೆ ಎಂಬುದು ಪಟ್ಟಿಯಲ್ಲಿನ ಅಂಕಿ ಮಾತ್ರವಲ್ಲ, ಆಪತ್ತಿನಲ್ಲಿ ಅದನ್ನು ತೂಕಕ್ಕೆ ಹಾಕುತ್ತಾರೆ ಎಂಬುದು 2011ರಲ್ಲಿ ಗೊತ್ತಾಯಿತು. ಕೇರೊದ ಸುತ್ತ ಏರಿ, ಓಹಾಯೊ ಕಡೆ ಕಾಂಕ್ರೀಟ್ ಗೋಡೆ. ಉತ್ತರದ ಹೆದ್ದಾರಿ ಊರೊಳಗೆ ಬರುವ ಕಡೆ ಏರಿಯಲ್ಲೊಂದು ಭಾರಿ ಉಕ್ಕಿನ ಬಾಗಿಲು. ಅದನ್ನು ಇಳಿಸಿದರೆ ಊರೇ ಒಂದು ಬಟ್ಟಲು. 1927ರ ಮಹಾಪ್ರವಾಹದ ನಂತರ ಸೇನಾ ಎಂಜಿನಿಯರುಗಳು ನದಿಯಾಚೆ ಮಿಸೌರಿಯಲ್ಲಿ ಬರ್ಡ್ಸ್ ಪಾಯಿಂಟ್‌ನಿಂದ ನ್ಯೂ ಮ್ಯಾಡ್ರಿಡ್‌ವರೆಗೆ ಒಂದು ಪ್ರವಾಹದಾರಿ ಗುರುತಿಸಿದ್ದರು. ನೀರು ಮಿತಿ ಮೀರಿದರೆ ಅಲ್ಲಿನ ಏರಿ ಸಿಡಿಸಿ ಹೊಲಗಳಿಗೆ ನೀರು ಬಿಡುವುದು. 1937ರಲ್ಲಿ ಒಮ್ಮೆ ಹಾಗೆ ಮಾಡಿದ್ದರು.

2011ರ ಮೇ 2ರಂದು ಕೇರೊದಲ್ಲಿ ಮಟ್ಟ 61.72 ಅಡಿ ಮುಟ್ಟಿತು, ಅಲ್ಲಿಯವರೆಗಿನ ದಾಖಲೆ. ಏರಿಯ ಒಳಬದಿ ನೆಲದಿಂದ ನೀರು ಮರಳು ಉಕ್ಕುತ್ತಿತ್ತು. ಊರು ಖಾಲಿ ಮಾಡಿಸಿದ್ದರು. ಮಿಸೌರಿ ರಾಜ್ಯ ತಡೆಯಾಜ್ಞೆಗೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತಿತ್ತು. ಹೊಲ ಮುಳುಗಬೇಕೋ ಕೇರೊ ಮುಳುಗಬೇಕೋ ಎಂದು ವರದಿಗಾರರು ಕೇಳಿದಾಗ ಮಿಸೌರಿ ಕೆಳಮನೆಯ ಆಗಿನ ಸ್ಪೀಕರ್ ತಡವರಿಸದೆ ಕೇರೊ ಎಂದಿದ್ದರು, ಆ ಊರನ್ನು ನೋಡಿದ್ದರೆ ನಿಮಗೇ ಗೊತ್ತಾಗುತ್ತದೆ ಎಂಬ ಮಾತಿನೊಂದಿಗೆ. ಆಮೇಲೆ ಕ್ಷಮೆ ಕೇಳಿದರು. ಆಗ ಅಲ್ಲಿ ಸುಮಾರು 2,800 ಜನ ಬದುಕುತ್ತಿದ್ದರು. ಆ ರಾತ್ರಿ ಮೇಜರ್ ಜನರಲ್ ಮೈಕೆಲ್ ವಾಲ್ಶ್ ಆದೇಶದಂತೆ ಏರಿ ಸಿಡಿಸಿದರು. ಸುಮಾರು 1,30,000 ಎಕರೆ ಹೊಲ ಮುಳುಗಿತು, ಕೇರೊ ಉಳಿಯಿತು.

ಆ ನೀರಿನಲ್ಲಿ ಪಿನ್‌ಹುಕ್ ಎಂಬ ಪುಟ್ಟ ಹಳ್ಳಿಯೂ ಹೋಯಿತು. ಕಪ್ಪುವರ್ಣೀಯ ರೈತರು 1940ರ ದಶಕದಲ್ಲಿ ಕಟ್ಟಿಕೊಂಡ ಹಳ್ಳಿ ಅದು. ಬೇರೆ ಕಡೆ ಅವರಿಗೆ ಜಮೀನು ಮಾರುವವರಿಲ್ಲದೆ, ಮುಳುಗಬಹುದಾದ ಆ ತಗ್ಗಿನಲ್ಲಿ ಕೊಂಡಿದ್ದರು. ಕೇರೊ ಉಳಿದದ್ದು ನ್ಯಾಯವೆಂದೇ ನನ್ನ ನಂಬಿಕೆ. ಪಿನ್‌ಹುಕ್‌ನವರು ತೆತ್ತದ್ದನ್ನು ಬಿಟ್ಟು ಆ ಮಾತು ಹೇಳಲಾರೆ.

ನದಿ ಬಿಟ್ಟುಕೊಟ್ಟ ಊರನ್ನು ಮುಂದಿನ ಹತ್ತು ವರ್ಷದಲ್ಲಿ ಕಚೇರಿಗಳು ಖಾಲಿ ಮಾಡಿದವು. ಕೌಂಟಿಯ ಬೊಕ್ಕಸ ಮೊದಲೇ ಬರಿದಾಗಿತ್ತು. 2009ರಲ್ಲಿ ಕಂತು ಕಟ್ಟಲಾಗದೆ ಶೆರಿಫ್ ಇಲಾಖೆಯ ಗಸ್ತು ಕಾರುಗಳನ್ನೇ ಸಾಲ ಕೊಟ್ಟವರು ಎಳೆದೊಯ್ದಿದ್ದರು. 2013ರ ಜನವರಿಯಲ್ಲಿ ಕೌಂಟಿಯ ಟ್ಯಾಮ್ಸ್‌ನಲ್ಲಿದ್ದ ರಾಜ್ಯ ಜೈಲು ಮುಚ್ಚಿತು. ಅತಿ ಕಠಿಣ ಏಕಾಂತವಾಸದ ಜೈಲು ಅದು, ಮುಚ್ಚಬೇಕಾದದ್ದೇ, ಆದರೆ ಕೆಲಸಗಳೂ ಅದರ ಜೊತೆ ಹೋದವು. ಅಮೆರಿಕದ ಜನಗಣತಿ ಕೈದಿಗಳನ್ನು ಜೈಲಿರುವ ಊರಿನ ನಿವಾಸಿಗಳೆಂದೇ ಎಣಿಸುವುದರಿಂದ ಕೌಂಟಿಯ ತಲೆಎಣಿಕೆಯೂ ಇಳಿಯಿತು. 2015ರಲ್ಲಿ ಕೇರೊದ ದಿನಸಿ ಅಂಗಡಿ ಮುಚ್ಚಿತು. ತರಕಾರಿಗೆ ನದಿ ದಾಟಿ ಬೇರೆ ರಾಜ್ಯಕ್ಕೆ ಹೋಗಬೇಕಾಯಿತು, ಕಾರಿಲ್ಲದವರ ಪಾಡು ಬೇರೆ.

ಕೊನೆಯ ಏಟು ವಸತಿಯದು. ಎಲ್ಮ್‌ವುಡ್ ಮತ್ತು ಮೆಕ್‌ಬ್ರೈಡ್ ಎಂಬ ಎರಡು ಹಳೆಯ ಸಾರ್ವಜನಿಕ ವಸತಿ ಸಮುಚ್ಚಯಗಳಲ್ಲಿ ಸುಮಾರು 400 ಜನ ಇದ್ದರು, ಅವರಲ್ಲಿ ಬಹಳಷ್ಟು ಮಕ್ಕಳು. ಇಲಿ, ಜಿರಳೆ, ಬೂಷ್ಟು, ಚಳಿಗಾಲದಲ್ಲಿ ಬಿಸಿಗೆ ಅಡುಗೆ ಒಲೆ ಹಚ್ಚಿಕೊಳ್ಳುವ ಸ್ಥಿತಿ. ದುರಾಡಳಿತದ ಕಾರಣಕ್ಕೆ ಕೌಂಟಿಯ ವಸತಿ ಪ್ರಾಧಿಕಾರವನ್ನು 2016ರಲ್ಲಿ ಕೇಂದ್ರದ ವಸತಿ ಇಲಾಖೆ ತನ್ನ ಕೈಗೆ ತೆಗೆದುಕೊಂಡಿತು. 2017ರಲ್ಲಿ ನಿವಾಸಿಗಳನ್ನು ಕರೆದು, ದುರಸ್ತಿಗೆ ಹಣವಿಲ್ಲ, ಕೆಡವುತ್ತೇವೆ, ಬೇರೆ ಮನೆಯ ಬಾಡಿಗೆಯಲ್ಲಿ ಸರ್ಕಾರ ಪಾಲು ಕಟ್ಟುವ ವೋಚರ್ ಕೊಡುತ್ತೇವೆ ಎಂದಿತು. ಆದರೆ ವೋಚರ್ ಹಿಡಿದು ಹೋಗಲು ಕೇರೊದಲ್ಲಿ ಬಾಡಿಗೆ ಮನೆಗಳೇ ಸಾಕಷ್ಟು ಇರಲಿಲ್ಲ. ಆಗಸ್ಟ್‌ನಲ್ಲಿ ವಸತಿ ಸಚಿವ ಬೆನ್ ಕಾರ್ಸನ್ ಬಂದರು, ಜನರ ಮಾತು ಕೇಳಿದರು, ನಿರ್ಧಾರ ಬದಲಾಗಲಿಲ್ಲ. ಕುಟುಂಬಗಳು ಮಿಸೌರಿಯ ಕೇಪ್ ಜಿರಾರ್ಡೊಗೆ, ಕೆಂಟಕಿಯ ಪಡೂಕಾಗೆ, ಇನ್ನೂ ಎಲ್ಲೆಲ್ಲಿಗೋ ಹೋದವು. ಶಾಲೆಯ ಬೆಂಚುಗಳು ಖಾಲಿಯಾದವು. 2010ರಲ್ಲಿ 2,831 ಇದ್ದ ಊರು 2020ರಲ್ಲಿ 1,733. ಕೌಂಟಿ 8,238ರಿಂದ 5,240ಕ್ಕೆ ಇಳಿಯಿತು. ಆ ದಶಕದಲ್ಲಿ ಶೇಕಡಾವಾರು ಲೆಕ್ಕದಲ್ಲಿ ಇಡೀ ಅಮೆರಿಕದಲ್ಲೇ ಅತಿ ಹೆಚ್ಚು ಜನರನ್ನು ಕಳೆದುಕೊಂಡ ಕೌಂಟಿ ಇದು, ನೂರಕ್ಕೆ 36.

ಮೊದಲ ಕುಸಿತದಲ್ಲಿ ಜನ ಕೆಲಸ ಹುಡುಕಿಕೊಂಡು ತಾವಾಗಿ ಹೋದರು. ಎರಡನೆಯದರಲ್ಲಿ ಹಗೆಯಿಂದ ಮತ್ತು ಭಯದಿಂದ ಹೋದರು. ಈ ಮೂರನೆಯದರಲ್ಲಿ ಹೋದವರಲ್ಲಿ ಬಹುಮಂದಿ ಹೋಗಲು ಬಯಸಿರಲಿಲ್ಲ. ಅಜ್ಜಿ, ಚರ್ಚು, ಶಾಲೆ ಇಲ್ಲೇ ಇರುವಾಗ ಬೇರೆ ಊರು ಯಾಕೆ ಎಂದು ಸಭೆಗಳಲ್ಲಿ ಎದ್ದು ನಿಂತು ಕೇಳಿದವರು ಅವರು.

ನದಿಯ ಮೇಲೆ ದೋಣಿಗಳೇನೂ ಕಡಿಮೆಯಾಗಿಲ್ಲ. ಸಂಗಮದಿಂದ ಕೆಳಗೆ ಸಮುದ್ರದವರೆಗೆ ಮಿಸಿಸಿಪ್ಪಿಗೆ ಒಂದೂ ಅಡ್ಡಕಟ್ಟೆಯಿಲ್ಲ, ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಲಾಕ್ ಇಲ್ಲ. ಮೇಲಿನ ನದಿಗಳಲ್ಲಿ ಚಪ್ಪಟೆ ತಳದ ಹದಿನೈದರಷ್ಟು ಸರಕು ಬಾರ್ಜ್‌ಗಳನ್ನು ಒಟ್ಟಿಗೆ ಕಟ್ಟಿ ತರುವ ದೋಣಿಗಳು ಇಲ್ಲಿ ಸರಪಳಿ ಬಿಚ್ಚಿ, ಮೂವತ್ತು ನಲವತ್ತರ ದೊಡ್ಡ ಕಟ್ಟು ಮಾಡಿಕೊಂಡು ಕೆಳಕ್ಕೆ ಹೊರಡುತ್ತವೆ. ಅಂದರೆ ಇವತ್ತಿಗೂ ಇಲ್ಲಿ ನಿಲ್ಲಲೇಬೇಕು. ನಿಂತ ದೋಣಿಯಿಂದ ಊರಿಗೆ ಏನೂ ಇಳಿಯುವುದಿಲ್ಲ, ಅಷ್ಟೇ. ಇದನ್ನು ಬದಲಿಸಲೆಂದು ಕೇರೊದಲ್ಲಿ ಹೊಸ ನದಿಬಂದರು ಕಟ್ಟುವ ಯೋಜನೆ ಇದೆ. 2020ರಲ್ಲಿ ರಾಜ್ಯ ಸರ್ಕಾರ ಅದಕ್ಕೆ 4 ಕೋಟಿ ಡಾಲರ್ ಘೋಷಿಸಿತು. 2023ರಲ್ಲಿ ಊರಿನವರೇ ಸೇರಿ ಸಹಕಾರಿ ದಿನಸಿ ಅಂಗಡಿಯೊಂದನ್ನು ತೆರೆದರು.

ಬಂದರು ಬರಲಿ ಎಂದೇ ನಾನು ಹಾರೈಸುತ್ತೇನೆ. ಆದರೆ ಅದರ ಕೆಲಸಕ್ಕೆ ಜನ ಬಂದರೆ ಸಂಜೆ ಅವರು ಮನೆಗೆಂದು ಎಲ್ಲಿಗೆ ಹೋಗುತ್ತಾರೆ? ಸೇತುವೆ ಹತ್ತಿ ಕೆಂಟಕಿಗೋ ಮಿಸೌರಿಗೋ? ಎಲ್ಮ್‌ವುಡ್ ಮತ್ತು ಮೆಕ್‌ಬ್ರೈಡ್ ಇದ್ದ ಜಾಗಗಳನ್ನು 2019ರಲ್ಲೇ ಸಮ ಮಾಡಿದ್ದಾರೆ.